ನಕ್ಷೆಯಲ್ಲಿ ಒಂದು ವರತಿ

ನಮ್ಮ ಕುರುಬರ ದೇವರು ಬೀರಪ್ಪನ ನೀರಿಗೆ ಗೊತ್ತಾದ ಜಾಗವಿಲ್ಲ. ತೆಲುಗು ಸೀಮೆಯ ಗಡಿಯಲ್ಲಿ, ಮಾಗನೂರಿನ ಹತ್ತಿರದ ನಮ್ಮ ಹಳ್ಳ ಜೋಳದ ರಾಶಿ ಮುಗಿಯುವ ಹೊತ್ತಿಗೆ ಮೇಲೆ ಒಣಗಿರುತ್ತದೆ. ನೀರು ಉಸುಕಿನ ಕೆಳಗೆ ಹರಿಯುತ್ತದೆ. ಆಗ ಪಲ್ಲಕ್ಕಿಯನ್ನು ಹಳ್ಳಕ್ಕಿಳಿಸುತ್ತಾರೆ. ಹೊತ್ತವರ ಕಾಲು ನಿಂತಲ್ಲಿ ಉಸುಕು ತೋಡುತ್ತಾರೆ. ಆ ಗುಂಡಿಯೇ ವರತಿ. ಪೂಜಾರಿಯಾದ ನನ್ನ ದೊಡ್ಡಪ್ಪ ಅದರ ನೀರನ್ನು ಕುರಿಗಳ ಮೇಲೆ ಚಿಮುಕಿಸಿದ ಮೇಲೆಯೇ ಹಿಂಡುಗಳು ಕೃಷ್ಣೆ ದಾಟಿ ಗದ್ವಾಲದ ಕಡೆಯ ಗದ್ದೆಗಳಿಗೆ ಹೊರಡುವುದು. ಆ ನೀರು ಬೀಳದೆ ಹೋದ ಹಿಂಡು ಇಡಿಯಾಗಿ ತಿರುಗಿ ಬರುವುದಿಲ್ಲವೆಂಬುದು ನಮ್ಮವರ ಮಾತು.

ಹಳ್ಳಕ್ಕೆ ಜಲಾಶಯದ ಕಟ್ಟೆ ಬರುವುದೆಂದು ಗೊತ್ತಾದಾಗ ಮಕ್ತಲ್‌ನಲ್ಲಿ ಸಭೆ ನಡೆಯಿತು. ಪತ್ರಿಕೆಯ ವರದಿಗಾಗಿ ನಾನೂ ಹೋಗಿದ್ದೆ. ಜನರ ನಂಬಿಕೆಯ ಜಾಗಗಳನ್ನೂ ಯೋಜನೆಯಲ್ಲಿ ಸೇರಿಸುತ್ತೇವೆ ಎಂದು ಬಂದಿದ್ದ ಮಹಿಳಾ ಅಧಿಕಾರಿ ತೆಲುಗಿನಲ್ಲಿ ಹೇಳಿದರು. ಅದು ತೋರಿಕೆಯ ಮಾತಾಗಿರಲಿಲ್ಲ. ನಕ್ಷೆ ಹರಡಿ, ಹಸಿರು ಪೆನ್ನು ಹಿಡಿದು ಕಾದರು.

"ನಿಮ್ಮ ವರತಿ ಎಲ್ಲಿದೆ, ತೋರಿಸಿ."

"ಅಂವ ನಿಂತಲ್ಲಿ ಐತ್ರಿ, ಮೇಡಂ," ಎಂದರು ದೊಡ್ಡಪ್ಪ.

"ಎಲ್ಲಿ ನಿಲ್ಲುತ್ತಾನೆ?"

"ಅದನ್ನ ಅವನ್ನೇ ಕೇಳಬೇಕ್ರಿ."

ಜನ ನಕ್ಕರು. ಆಕೆಯೂ ನಕ್ಕು, ಒಂದು ಜಾಗ ತೋರಿಸದಿದ್ದರೆ ಉಳಿಸುವುದು ಹೇಗೆ ಎಂದು ಮತ್ತೆ ಕೇಳಿದರು. ಇಷ್ಟು ಕೇಳುವ ಹೆಣ್ಣುಮಗಳಿಗೆ ಇಲ್ಲವೆನ್ನಲಾರದೆ ದೊಡ್ಡಪ್ಪ ಹಿಂದಿನ ಸಲದ ಜಾಗದ ಮೇಲೆ ಬೆರಳಿಟ್ಟರು. ಅಲ್ಲೊಂದು ಹಸಿರು ಚುಕ್ಕೆ ಬಿತ್ತು.

"ಬೀರಪ್ಪಗೂ ಆಧಾರ್ ಆತು ಬಿಡ್ರಿ, ಇನ್ನ ರೇಷನ್ನೂ ಬರತೈತಿ," ಎಂದು ಹಿಂದಿನಿಂದ ಯಾರೋ ಅಂದರು.

ಚುಕ್ಕೆಯ ಜಾಗಕ್ಕೆ ತಂತಿಬೇಲಿ ಬಂತು, ಕಬ್ಬಿಣದ ಗೇಟು ಬಂತು. ಅಲ್ಲಿಂದ ಮೇಲಕ್ಕೆ, ಹಳ್ಳದುದ್ದಕ್ಕೂ ಕಾಮಗಾರಿಯ ಗುರುತಿನ ಕೆಂಪು ಬಾವುಟಗಳು ಬಂದವು. ಕಟ್ಟೆಯ ಅಡಿಪಾಯಕ್ಕೆ ತೋಡಿದ ಕಂದಕದಲ್ಲಿ ನೀರು ನಿಲ್ಲದಂತೆ ಮೋಟರ್ ಹಗಲೂ ರಾತ್ರಿ ನಡೆಯುತ್ತಿತ್ತು.

ಈ ವರ್ಷ ಪಲ್ಲಕ್ಕಿ ಇಳಿದಾಗ ಕಾವಲುಗಾರ ಬೇಲಿಯೊಳಗೆ ಕಸ ಹೊಡೆದು ಗೇಟು ತೆರೆದಿಟ್ಟಿದ್ದ. ಪಲ್ಲಕ್ಕಿ ಗೇಟಿನೊಳಗೆ ತಿರುಗದೆ ಮುಂದೆ ಹೋಯಿತು. ಬಾವುಟಗಳ ನಡುವೆ ನಡೆದು ಕಂದಕದ ಅಂಚಿನಲ್ಲಿ ನಿಂತಿತು. ಕೆಳಗೆ ಕೆಸರು ನೀರನ್ನು ಪೈಪು ಎಳೆಯುತ್ತಿತ್ತು.

"ಇಲ್ಲಿ ನಿಂದ್ರಬ್ಯಾಡ್ರಿ, ಕುಸಿತೈತಿ," ಎಂದು ಕಾವಲುಗಾರ ಓಡಿಬಂದ. "ನಿಮಗ ಅಲ್ಲೇ ಮಾಡಿಕೊಟ್ಟಾರಲ್ರಿ."

ಹೊತ್ತವರು ಅಲುಗಲಿಲ್ಲ. ಅವರ ಕಾಲಡಿಯ ಮಣ್ಣು ಸಣ್ಣಗೆ ಜಾರಿ ಕಂದಕಕ್ಕೆ ಬೀಳುತ್ತಿತ್ತು. ದೊಡ್ಡಪ್ಪ ಅದನ್ನು ನೋಡಿದರು.

"ತಿರುಗ್ರೆಪ್ಪಾ," ಎಂದರು.

ನಿಂತ ದೇವರನ್ನು ಎಬ್ಬಿಸಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಬೇಲಿಯೊಳಗೆ ತೋಡಿದರು. ಮೊಣಕಾಲುದ್ದ ತೋಡಿದರು, ಸೊಂಟದುದ್ದ ತೋಡಿದರು. ಉಸುಕು ಕಪ್ಪಾಯಿತೇ ಹೊರತು ನೀರು ಬರಲಿಲ್ಲ. ಡೊಳ್ಳು ನಿಂತಾಗ ಮೋಟರ್ ಸದ್ದೊಂದೇ ಕೇಳಿಸಿತು.

"ಅದನ್ನರ ಒಂದ್ ತಾಸು ಬಂದ್ ಮಾಡಪಾ," ಎಂದರು ದೊಡ್ಡವ್ವ.

"ಹೆಂಗ್ ಮಾಡ್ಲಬೇ? ಕಂದಕ ತುಂಬಿದ್ರ ನನ್ನ ನೌಕರಿ ಹೋಗತೈತಿ."

ಕುರಿಗಳ ಮೇಲೆ ಚಿಮುಕಿಸಲೆಂದು ಒಬ್ಬ ಬಾಟಲಿ ನೀರು ಚಾಚಿದ. ದೊಡ್ಡಪ್ಪ ಅದನ್ನು ಕುಡಿದು ತಿರುಗಿ ಕೊಟ್ಟರು. ದಂಡೆಯ ಮೇಲೆ ಕುರಿಗಳು ಸಂಜೆಯವರೆಗೂ ಒದರಿದವು.

ಊರಲ್ಲಿ ಮೇವಿರಲಿಲ್ಲ. ಹೊರಡಬೇಕಾದ ಮೊದಲ ಹಿಂಡು ದೊಡ್ಡಪ್ಪನ ಮಗನದು.

"ಹೋಗ್ಲೇನಪ್ಪಾ?"

"ಹೋಗಂತ ಅನ್ನಂಗಿಲ್ಲ, ಬ್ಯಾಡಂತನೂ ಅನ್ನಂಗಿಲ್ಲ."

ಬೆಳಿಗ್ಗೆ ಅವನು ಹೊರಟ. ಯೋಜನೆಯ ನಕ್ಷೆಯಲ್ಲಿ ಹಸಿರು ಚುಕ್ಕೆ ಈಗಲೂ ಇದೆ. ಪಕ್ಕದಲ್ಲಿ 'ಸಂರಕ್ಷಿತ' ಎಂದು ಬರೆದಿದ್ದಾರೆ. ಗದ್ವಾಲದ ಕಡೆಯಿಂದ ಮಗನ ಫೋನ್ ಬಂದಾಗ ದೊಡ್ಡಪ್ಪ ಎತ್ತುವುದಿಲ್ಲ. ಅದು ಹೊಡೆದುಕೊಳ್ಳುವುದನ್ನೇ ನೋಡುತ್ತ ಕೂತು, "ನೀ ಕೇಳು," ಎಂದು ದೊಡ್ಡವ್ವನ ಕಡೆ ಸರಿಸುತ್ತಾರೆ.