ಹಳದಿಯಲ್ಲೇ ನಿಲ್ಲುವ ಪಟ್ಟಿ

ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಫೋನ್ ಎತ್ತುವುದು ಅವಳ ಕೆಲಸ. ಎಲ್ಲರ ಬಾಯಲ್ಲೂ ಅವಳು ‘ಹಲೋ ಅಕ್ಕ’. ಗಂಡ ಸಿಕ್ಕಿದ್ದೂ ಅಲ್ಲೇ, ಅಲ್ಲಿನ ಮೆಕ್ಯಾನಿಕ್. ಮನೆಯಲ್ಲಿ ಅವನು ಬಾಯಿ ಬಿಡುವುದೇ ಅಪರೂಪ. “ಕೆಲ್ಸ ಹೇಗಿತ್ತು?” ಎಂದರೆ “ಆಯ್ತು” ಎಂದು ತಟ್ಟೆಯ ಮುಂದೆ ಕೂರುವವನು.

“ಕೆಲ್ಸ ಎಲ್ಲಿಗ್ ಬಂತು?” ಎಂದು ಗಿರಾಕಿಗಳು ಫೋನಿನಲ್ಲಿ ತಲೆ ತಿನ್ನುವುದು ಹೆಚ್ಚಾದಾಗ, ಮ್ಯಾನೇಜರ್ ಅವಳ ಮೇಜಿನೆದುರು ದೊಡ್ಡ ಪರದೆ ಹಾಕಿಸಿದರು. ಒಂದೊಂದು ಕೆಲಸಕ್ಕೂ ಅದರಲ್ಲಿ ಒಂದೊಂದು ಉದ್ದನೆಯ ಬಣ್ಣದ ಪಟ್ಟಿ. ಮೆಕ್ಯಾನಿಕ್‌ಗಳು ತಮ್ಮ ಮೊಬೈಲ್‌ನಲ್ಲಿ ಒತ್ತಿದಂತೆಲ್ಲ ಇಲ್ಲಿ ಪಟ್ಟಿ ತುಂಬುತ್ತಿತ್ತು: ಹೊರಟಾಗ ಕೆಂಪು, ರಿಪೇರಿ ನಡೆಯುವಾಗ ಹಳದಿ, ಮುಗಿದರೆ ಹಸಿರು.

ಅವಳಿಗೆ ಅದರ ಹುಚ್ಚೇ ಹಿಡಿಯಿತು. ಊಟದ ಡಬ್ಬಿಯನ್ನೂ ಪರದೆಯ ಮುಂದೆಯೇ ಬಿಚ್ಚುತ್ತಿದ್ದಳು. ಅದರಲ್ಲಿ ಒಬ್ಬನ ಪಟ್ಟಿ ಮಾತ್ರ ಸರಸರ ತುಂಬಿ, ಇನ್ನೇನು ಹಸಿರಾಗಬೇಕು ಎನ್ನುವಾಗ ನಿಂತೇಬಿಡುತ್ತಿತ್ತು. ಅವಳ ಗಂಡನದು.

“ಕೊನೇಲಿ ನಿಮ್ಮನೆಯವ್ರು ಒಂದ್ ನಿದ್ದೆ ತೆಗೀತಾರಾ ಹೇಗೆ?” ಎಂದು ಮ್ಯಾನೇಜರ್ ನಕ್ಕರು. ಅವಳೂ ನಕ್ಕಳು, ಆದರೆ ತಲೆಗೆ ಹುಳ ಹೊಕ್ಕಿತು.

“ಏನ್ರೀ, ಆ ಹಳದೀಲಿ ಅಷ್ಟೊತ್ತು ಏನ್ ಮಾಡ್ತೀರಿ?” ಎಂದು ರಾತ್ರಿ ಗಂಡನನ್ನು ಕೇಳಿದಳು.

“ಕೆಲ್ಸ.”

“ರಿಪೇರಿ ಆಗಿರುತ್ತಲ್ಲ?”

“ಆಗಿರುತ್ತೆ.”

ಇದು ಬಗೆಹರಿಯುವ ಮಾತಲ್ಲ ಎಂದುಕೊಂಡಳು. ಒಂದು ಮಧ್ಯಾಹ್ನ ಅವನ ಪಟ್ಟಿ ನಿಂತದ್ದೇ ತಡ, ಫೋನನ್ನು ಪಕ್ಕದವಳಿಗೆ ಒಪ್ಪಿಸಿ, ಅವನು ಕೆಲಸಕ್ಕೆ ಹೋಗಿದ್ದ ಹಿಂದಿನ ಬೀದಿಯ ಕಟ್ಟಡಕ್ಕೆ ನಡೆದೇಬಿಟ್ಟಳು.

ಲಿಫ್ಟು ಸರಿಯಾಗಿತ್ತು, ದೀಪ ಉರಿಯುತ್ತಿತ್ತು. ಬಾಗಿಲ ಹೊರಗೆ ಕೈಚೀಲ ಹಿಡಿದ ಅಜ್ಜಿಯೊಬ್ಬರು ಕದಲದೆ ನಿಂತಿದ್ದರು. ಬೆಳಿಗ್ಗೆ ಅದರೊಳಗೆ ಒಬ್ಬರು ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಅವಳಿಗೆ ಫೋನ್ ಬಂದಿತ್ತು; ಅವರು ಇವರೇ.

“ನಾನು ಮೆಟ್ಲಲ್ಲೇ ಹೋಗ್ತೀನಿ ಬಿಡಪ್ಪ.”

“ಹೋಗಿ ಅಜ್ಜಿ, ಯಾರ್ ಬೇಡ ಅಂದ್ರು?” ಎಂದ ಅವಳ ಗಂಡ. “ಒಂದೇ ಒಂದು ಮಹಡಿ ನನ್ ಜೊತೆ ಬನ್ನಿ. ಈಗ ಟಕ್ ಅನ್ನುತ್ತೆ, ಅದು ಬಾಗಿಲು ಭದ್ರವಾದ ಸದ್ದು. ಆಮೇಲೆ ಗುಂಯ್ ಅನ್ನುತ್ತಲ್ಲ, ಅದು ಮೋಟಾರು. ಎಲ್ಲಾ ಸದ್ದೂ ನಾನ್ ಹೇಳ್ತಾ ಹೋಗ್ತೀನಿ, ನೀವ್ ಕೇಳ್ತಾ ಬನ್ನಿ.”

ಅವಳು ಕಣ್ಣು ಬಾಯಿ ಬಿಟ್ಟಳು. ಒಂದೇ ಉಸಿರಿಗೆ ಇಷ್ಟು ಮಾತು! ಅಜ್ಜಿ ಅವನ ಹಿಂದೆ ಅಳುಕುತ್ತಲೇ ಲಿಫ್ಟಿಗೆ ಕಾಲಿಟ್ಟರು; ಬಾಗಿಲು ಮುಚ್ಚುವ ಮೊದಲೇ ಅವಳೂ ಒಳಗೆ ನುಗ್ಗಿದಳು.

“ನೀನ್ಯಾಕೆ ಬಂದೆ ಇಲ್ಲಿ?”

“ಹಳದೀಲಿ ಏನಿದೆ ಅಂತ ನೋಡೋಕೆ.”

“ಯಾವ ಹಳದಿಯಮ್ಮ?” ಎಂದರು ಅಜ್ಜಿ. ಪರದೆಯ ಕತೆಯೆಲ್ಲ ಕೇಳುವಷ್ಟರಲ್ಲಿ ಎರಡು ಮಹಡಿ ದಾಟಿದ್ದೇ ಅವರಿಗೆ ತಿಳಿಯಲಿಲ್ಲ. “ಹಾಗಾದ್ರೆ ಆ ಹಳದಿ ನಾನೇ ಅನ್ನು!”

ಮರುದಿನ ಅವಳು ಮ್ಯಾನೇಜರಿಗೆ ನಡೆದದ್ದನ್ನು ಹೇಳಿದಳು. ಅವರು ಗಲ್ಲ ಕೆರೆದುಕೊಂಡು ಯೋಚಿಸಿ, ಹಳದಿಗೂ ಹಸಿರಿಗೂ ನಡುವೆ ನೀಲಿ ಬಣ್ಣವೊಂದನ್ನು ಸೇರಿಸಿದರು. ‘ಜೊತೆಗೆ ಹೋಗಿಬರುವುದು’ ಎಂದು ಅದಕ್ಕೆ ಹೆಸರಿಟ್ಟವಳು ಅವಳೇ. ಉಳಿದ ಮೆಕ್ಯಾನಿಕ್‌ಗಳು ಇದೊಂದು ಹೊಸ ತಲೆನೋವು ಎಂದು ಗೊಣಗಿದರು; ಕೆಲವರು ನಿಧಾನವಾಗಿ ರೂಢಿಸಿಕೊಂಡರು.

ಈಗ ಇನ್ನೊಬ್ಬನ ಪಟ್ಟಿ ಅವಳ ಕಣ್ಣಿಗೆ ಬಿದ್ದಿದೆ. ಅದು ಕೆಂಪಿನಿಂದ ನೇರ ಹಸಿರಿಗೆ ಹಾರುತ್ತದೆ. ಅದು ಹೇಗೆ ಸಾಧ್ಯ? ಅವಳು ಆಗಲೇ ಚಪ್ಪಲಿ ಹುಡುಕುತ್ತಿದ್ದಾಳೆ.