ತೆಪ್ಪದ ತಾತನ ಗಂಟು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ನದಿಯ ನೀರನ್ನು ನೋಡದೆಯೇ ಅಳೆದ ಭೂಪ. ಮೊನ್ನೆ ಹಳೆಯ ಸರ್ವೆ ಚೀಲ ಕೊಡವಿದಾಗ ಗಂಟುಗಂಟಾದ ನೈಲಾನ್ ಹಗ್ಗವೊಂದು ಕೆಳಗೆ ಬಿತ್ತು. ಮೂಗಿಗೆ ಹಿಡಿದೆ. ಕೆಸರು, ಮೀನು, ಬೀಡಿ... ತೆಪ್ಪದ ತಾತ.

ಕೊಳ್ಳೇಗಾಲದ ಕಡೆ, ಕಾವೇರಿ ದಡದಲ್ಲಿ, ತೆಪ್ಪ ಹತ್ತಿಳಿಯಲು ಕಾಂಕ್ರೀಟ್ ಕಟ್ಟೆ ಕಟ್ಟುವುದಿತ್ತು. ಎಷ್ಟು ಎತ್ತರಕ್ಕೆ ಎಂದು ತಿಳಿಯಲು ನೀರಿನಲ್ಲಿ ಅಳತೆಪಟ್ಟಿ ನೆಟ್ಟು, ಗಂಟೆಗೊಮ್ಮೆ ಮಟ್ಟ ಬರೆಯುವ ಕೆಲಸ ನನ್ನದು. ಮೇಲೆ ಅಣೆಕಟ್ಟೆಯಲ್ಲಿ ನೀರು ಬಿಟ್ಟರೆ ಇಲ್ಲಿ ಏರುತ್ತದೆ. ಆದರೆ ನಾನು ಬಂಡಳ್ಳಿಯವನು, ಕೆರೆ ನೋಡಿ ಬೆಳೆದವನು. ಕೆರೆಯ ನೀರು ಬೆಳಿಗ್ಗೆ ಎಷ್ಟೋ ಸಂಜೆಗೂ ಅಷ್ಟೇ. ಹಾಗಾಗಿ ಬೆಳಿಗ್ಗೆ ಒಮ್ಮೆ ನೋಡಿ ಇಡೀ ದಿನದ ಅಂಕಿ ತುಂಬಿಬಿಡುತ್ತಿದ್ದೆ. ಆಮೇಲೆ ಮರದಡಿ ಕೂತು ಎಂಜಿನಿಯರ್ ದನಿ, ಕಂಡಕ್ಟರ್ ದನಿ, ನಮ್ಮಪ್ಪನ ಕೆಮ್ಮು ಎಲ್ಲ ಅಣಕಿಸಿ ತೆಗೆಯುತ್ತಿದ್ದೆ. ಆ ದಡದಲ್ಲಿ ಕೇಳಲು ಇದ್ದವನು ತೆಪ್ಪ ನಡೆಸುವ ತಾತ ಒಬ್ಬನೇ. ಅವನೂ ನಗುತ್ತಿರಲಿಲ್ಲ.

ಅವನ ಮನೆ ಆಚೆ ದಡದಲ್ಲಿತ್ತು. ಒಮ್ಮೆ ಈಚೆ ದಡದಲ್ಲಿ ತೆಪ್ಪದಿಂದ ಇಳಿಯುವಾಗ ಕೆಸರಿನಲ್ಲಿ ಜಾರಿ ಅವನ ಹೆಂಡತಿ, ಅಜ್ಜಿ, ಸೊಂಟ ಮುರಿದುಕೊಂಡಿದ್ದಳು. ಅಂದಿನಿಂದ ಅವಳು ಈಚೆ ಬಂದಿರಲಿಲ್ಲ.

"ಕಟ್ಟೆ ಆಗ್ಲಿ, ಕರ್ಕಂಡ್ ಬತ್ತೀನಿ. ಧನಗೆರೇಲಿ ಅವಳ ತಂಗಿ ಮನೆ ಅದೆ" ಎಂದಿದ್ದ.

ಸರ್ವೆ ಮುಗಿಯುವ ಹಿಂದಿನ ದಿನ ತಾತ, ಕಲ್ಲು ಕಟ್ಟಿದ ಈ ಹಗ್ಗವನ್ನು ಅಳತೆಪಟ್ಟಿಯ ಪಕ್ಕದಲ್ಲಿ ಇಳಿಬಿಟ್ಟ. ಓದು ಬರಹ ಬಾರದವನು. ನೀರು ಏರಿದಾಗಲೆಲ್ಲ ಆ ಮಟ್ಟಕ್ಕೊಂದು ಗಂಟು ಹಾಕಿಟ್ಟಿದ್ದ. ಎಲ್ಲಕ್ಕಿಂತ ಮೇಲಿನ ಗಂಟು ನನ್ನ ಅಂಕಿಗಿಂತ ಒಂದು ಮೊಳ ಮೇಲಿತ್ತು.

"ನೀ ಬರ್ದಂಗೆ ಕಟ್ಟುದ್ರೆ ಮುಳುಗೋಯ್ತದೆ ಕಣ್ಲಾ. ಮುದುಕಿ ಎಲ್ಲಿಗ್ ಕಾಲಿಡ್ಬೇಕ್ಲಾ?"

ತಮಾಷೆಯಲ್ಲಿ ಜಾರಿಕೊಳ್ಳಲು ನೋಡಿದೆ. ಆಗಲಿಲ್ಲ. ಸಂಜೆ ಎಂಜಿನಿಯರ್ ಮುಂದೆ ನನ್ನದೇ ದನಿಯಲ್ಲಿ ತಪ್ಪೊಪ್ಪಿಕೊಂಡೆ. ಬಾಯ್ತುಂಬ ಬೈಸಿಕೊಂಡು, ಮತ್ತೆ ಅಷ್ಟೇ ದಿನ ದಡದಲ್ಲಿ ಕೂತು ಬರೆದೆ. ಗಂಟೇ ಸರಿಯಾಗಿತ್ತು.

ಹಗ್ಗ ಸಿಕ್ಕಿತಲ್ಲ, ನಿನ್ನೆ ಅಲ್ಲಿಗೆ ಹೋಗಿದ್ದೆ. ಹೊಳೆ ಏರಿತ್ತು, ಕಟ್ಟೆಯ ಮೇಲಿನ ಮೆಟ್ಟಿಲು ಒಣಗಿಯೇ ಇತ್ತು. ಅಜ್ಜಿ ಅದರ ಮೇಲೆ ಕಾಲಿಟ್ಟು ತಂಗಿ ಮನೆಗೆ ಹೋಗಿಬಂದಳಂತೆ. ಕೈ ಹಿಡಿದು ಇಳಿಸಿದವನು ತಂಗಿಯ ಮಗ. ಕಾಂಕ್ರೀಟ್ ಹಾಕುವ ಮೊದಲೇ ತಾತ...

ಆ ಮೆಟ್ಟಿಲ ಮೇಲೆ ಒಬ್ಬನೇ ಕೂತೆ. ಅಭ್ಯಾಸಬಲ, ಎಂಜಿನಿಯರ್ ದನಿ ತೆಗೆದೆ: "ಎಲ್ಲಾ ರೀಡಿಂಗೂ ಕರೆಕ್ಟಾಗಿದೆ ಕಣ್ರೀ." ಜಾರಿಕೊಳ್ಳಲು ಅವತ್ತು ತಾತನಿಗೆ ಹೇಳಿದ್ದೂ ಇದನ್ನೇ. ನಿನ್ನೆ ಕೇಳಲು ಅವನಿರಲಿಲ್ಲ. ಅವತ್ತು ತಾತ ಹಗ್ಗವನ್ನು ನನ್ನ ಕೈಗೆ ತುರುಕಿ ಹೇಳಿದ್ದ:

"ಎಲ್ಲಾರ್ ದನೀನೂ ತಗೀತೀಯ, ಸರಿ. ನಿನ್ ದನಿ ಕೇಳ್ಕಂಡು ನೀರು ಇಳಿತದೇನ್ಲಾ?"