ಐದು ಹಂಚು, ಒಂದು ರುಮಾಲು

ದರಿಬಡಚಿಯ ಅಮೋಗಸಿದ್ದಗ ಎಡಗಣ್ಣು ಇರಲಿಲ್ಲ. ಲಡಾಯಿದಾಗ ಹೋತು ಅಂತ ಊರವರು ತಿಳಕೊಂಡಿದ್ರು, ಅವನೂ ಹೂಂ ಅಂದು ಸುಮ್ಮನಾಗತಿದ್ದ. ಖರೇ ಮಾತಂದ್ರ, ಪಲ್ಟನ್ನಿನೊಳಗ ಗುರಿ ಹೊಡಿಯೋ ಮೈದಾನದಾಗ ಯಾವನೋ ಅತೀ ಶಾಣ್ಯಾ ಗುರಿಗಂತ ಕಬ್ಬಿಣದ ತುಂಡು ನಿಲ್ಲಿಸಿದ್ದ. ಗುಂಡಿನ ಚೂರು ಹೊಳ್ಳಿ ಬಂದು ಕಣ್ಣಾಗ ಹೊಕ್ಕಿತು. ವೈರಿ ಹೊಡದಿದ್ರ ನಾಕು ಮಂದಿ ಮುಂದ ಹೇಳಿಕೊಳ್ಳಾಕಾದ್ರೂ ಬರತಿತ್ತು!

೧೯೫೪ರಾಗ ಹತ್ತಿರದ ಜತ್ತ ಪ್ಯಾಟ್ಯಾಗ ರೈಫಲ್ ಕ್ಲಬ್ ಆತು. ಸಣ್ಣ ಗುಂಡಿನ ಎರಡು ಬಂದೂಕು, ಹದಿನೈದು ಗಜದ ಮೈದಾನ, ಅದನ್ನ ಕಾಯಾಕ ಅಮೋಗಸಿದ್ದ. ಗುರಿಯ ಹಿಂದಿನ ಮಣ್ಣಿನ ದಿಬ್ಬದಾಗ ಒಂದು ಹರಳು ಉಳೀಬಾರದಂತ ನಾಕು ದಿನ ಕುಂತು ಆರಿಸಿ ಒಗದ. ಕುಂಬಾರ ಕಾಳವ್ವನ ಕಡಿಂದ ಸುಡದ ಮಣ್ಣಿನ ಬಿಲ್ಲೆ ಐವತ್ತು ಮಾಡಿಸಿ ಬಿಸಲಿಗೆ ಒಣಗಿಸಿದ. ಗುಂಡು ತಾಗಿದ್ರ ಬಿಲ್ಲೆ ಧೂಳಾಗಿ ಹಾರತದ, ಗುಂಡು ದಿಬ್ಬದಾಗ ಹೂತು ಹೋಗತದ. ಬಿದ್ದ ಪುಡಿ ಯಾರ ಕಾಲಿಗೂ ಚುಚ್ಚಂಗಿಲ್ಲ.

ಇಷ್ಟಕ್ಕ ಬಿಟ್ಟಿದ್ರ ನಡೀತಿತ್ತು. ಆದ್ರ ಕ್ಲಬ್ಬಿನ ಸೆಕ್ರೆಟರಿ ವಕೀಲ ಅಣ್ಣಾರಾಯರು ಬಿಡಬೇಕಲ್ಲ!

"ಏನೋ ಸಿದ್ದ, ಉದ್ಘಾಟನಾಕ ಮಾಮಲೇದಾರ ಸಾಹೇಬ್ರು ಬರ್ತಾರ. ಮಣ್ಣು ಒಡದ್ರ ಏನ್ ಸಪ್ಪಳಾಗತದ? ಠಣ್ ಅನಬೇಕು! ಸಂತಿ ತನಕ ಕೇಳಬೇಕು!"

ಮನಿಮನಿ ತಿರುಗಿ ಐದು ಹಳೇ ಕಬ್ಬಿಣದ ರೊಟ್ಟಿ ಹಂಚು ತರಿಸಿದ್ರು. ಹಂಚಿನ ಬೆನ್ನೆಲ್ಲಾ ಮಸಿ, ಅಲ್ಲಿ ಸುಣ್ಣ ಹತ್ತಲಿಲ್ಲ. ಒಳಗಿನ ತೆಗ್ಗಿಗೆ ಸುಣ್ಣ ಬಳದು, ಆ ತೆಗ್ಗು ಬಂದೂಕಿನ ಕಡೆ ಮಾಡಿ ತೂಗಬಿಟ್ರು. ಓದಿದ ಮಂದಿ ನೋಡ್ರಿ!

"ವಕೀಲ ಸಾಹೇಬ್ರ, ತೆಗ್ಗಿಗೆ ಹೊಡದ ಗುಂಡು ಹೊಳ್ಳಿ ಹೊಡದವನ ಕಡೆನ ಬರತದ್ರಿ. ಹೊಡಿಯೋರ ಬಾಜೂದ ಕಟಗಿ ಬಾಕಿನ ಮ್ಯಾಲ ಹಾಡೋ ಸಾಲಿ ಹುಡುಗ್ಯಾರು ಕುಂದ್ರತಾರ್ರಿ. ಅವರೊಳಗ ನನ್ನ ಮಗಳು ಹಾಲವ್ವನೂ ಅದಾಳ."

"ನಿನಗಿರೋದು ಒಂದ ಕಣ್ಣು, ಅದಕ್ಕ ಎಲ್ಲಾ ಅರ್ಧಾನ ಕಾಣತದ," ಅಂದ್ರು ಅಣ್ಣಾರಾಯರು. ಸುತ್ತಲಿನವರು ಹೊಟ್ಟಿ ಹಿಡಕೊಂಡು ನಕ್ರು.

ಎಂಟು ದಿನ ಹೇಳಿದ. ಕೈ ಮುಗದು ಹೇಳಿದ, ದನಿ ಏರಿಸಿ ಹೇಳಿದ. ಗ್ವಾಡಿಗೆ ಹೇಳಿದಂಗಾತು. ರಾತ್ರಿ ಉಂಡದ್ದು ಮೈಗೆ ಹತ್ತಲಿಲ್ಲ, ಅಷ್ಟು ಸಿಟ್ಟು.

ಉದ್ಘಾಟನದ ದಿನ ಮುಂಜಾನೆ ಹುಡುಗ್ಯಾರು ಇನ್ನೂ ಬಂದಿರಲಿಲ್ಲ. ಅಣ್ಣಾರಾಯರು ಸೆಕಿಗೆ ತಲಿ ಮ್ಯಾಲಿನ ರುಮಾಲು ತಗದು ಕುರ್ಚಿ ಮ್ಯಾಲ ಇಟ್ಟಿದ್ರು. ಅಮೋಗಸಿದ್ದ ಅದನ್ನ ಎತ್ತಿಕೊಂಡು ಹೋಗಿ, ಹುಡುಗ್ಯಾರು ಕುಂದ್ರೋ ಬಾಕಿನ ಮ್ಯಾಲ ಒಂದು ಮಣ್ಣಿನ ಕೊಡಕ್ಕ ಸುತ್ತಿ ನಿಲ್ಲಿಸಿದ.

"ಎಲ್ಲಾರೂ ಗ್ವಾಡಿ ಹಿಂದ ಹೋಗ್ರಿ!" ಅಂತ ಪಲ್ಟನ್ನಿನ ದನಿ ತಗದ. ಅಣ್ಣಾರಾಯರೂ ಓಡಿದ್ರು. ತಾನು ಉಸುಕಿನ ಚೀಲದ ಮರೀಗೆ ಮಲಗಿ ಹಂಚಿಗೆ ಹೊಡದ. ಠಣ್. ಠಣ್. ಸಂತಿ ತನಕ ಕೇಳೂವಂಥಾ ಸಪ್ಪಳ, ವಕೀಲರು ಬೇಡಿದ್ದು ಸಿಕ್ಕಿತು. ಏಳನೇ ಗುಂಡಿನ ಚೂರು ಹೊಳ್ಳಿ ಬಂದು ಬಡದು ಕೊಡ ಟಪ್ ಅಂತ ಒಡದು, ರುಮಾಲು ನೆಲಕ್ಕ ಬಿತ್ತು.

ಅಣ್ಣಾರಾಯರು ಓಡಿ ಬಂದು ರುಮಾಲು ಬಿಚ್ಚಿ ನೋಡಿದ್ರು. ಮೂರು ಮಡಿಕಿ ದಾಟಿ ತೂತು ಬಿದ್ದಿತ್ತು.

"ಕೊಲ್ಲಾಪುರದಿಂದ ತರಿಸಿದ ರುಮಾಲು! ತಗೀರೋ ಆ ದರಿದ್ರ ಹಂಚು! ಮಣ್ಣಿನ ಬಿಲ್ಲೆ ಕಟ್ರಿ!"

ಬೇಕಾದ ಹುಕುಂ ಸಿಕ್ಕಿತ್ತು. ಆದ್ರೂ ಅಮೋಗಸಿದ್ದನ ಸಿಟ್ಟು ಇಳೀಲಿಲ್ಲ, ಇಮ್ಮಡಿ ಆತು. ಬಂದೂಕು ಖಾಲಿ ಮಾಡಿ ಕೆಳಗಿಟ್ಟು ಎದ್ದ.

"ಎಂಟು ದಿನ ಹುಡುಗ್ಯಾರ ಕಣ್ಣು, ಕಣ್ಣು ಅಂತ ಬಡಕೊಂಡ್ನಿ. ಕೇಳಲಿಲ್ಲ ನಿಮಗ. ರುಮಾಲು ಹರದ ಕೂಡಲೇ ಕೇಳಿತೇನ್ರಿ?"

ಆವತ್ತು ಹೊಟ್ಟಿ ಹಿಡಕೊಂಡು ನಕ್ಕವರ ಹೋಗಿ ಹಂಚು ಇಳಿಸಾಕ ಹತ್ತಿದ್ರು.

ದೂರದಾಗ ಹುಡುಗ್ಯಾರು ಹಾಡಕೋತ ಬರೋದು ಕೇಳಿಸಿತು. ಅಮೋಗಸಿದ್ದ ಬಾಕಿನ ಮ್ಯಾಲಿಂದ ಕೊಡದ ಚೂರು ಸರಿಸಿ, ಈ ತುದಿಯಿಂದ ಆ ತುದೀಗೆ ಅಂಗೈ ಆಡಿಸಿದ. ಗುಂಡಿನ ಎರಡು ಸೀಸದ ಚೂರು ಕೈಗೆ ಹತ್ತಿದವು. ಅಣ್ಣಾರಾಯರ ಅಂಗೈ ಬಿಡಿಸಿ ಅದರಾಗ ಇಟ್ಟ.

"ಹಾಲವ್ವನ ಜಾಗಾದಾಗ ಇದ್ದವ್ರಿ," ಅಂದ. "ಇಟ್ಕೋರಿ."